ಹತ್ತು ಸೆಂಟಿಗೊಂದು ಹೆಸರು

ಬಟ್ಟೆಯ ತುಂಡುಗಳನ್ನು ಕೂಡಿಸಿ ಹೊಲಿದ ಕೌದಿ ನಮ್ಮ ಮನೆಗಳಿಗೆ ಹೊಸದಲ್ಲ. ಅಮೆರಿಕದ ಹಳ್ಳಿಗಾಡಿನಲ್ಲಿಯೂ ಅಂತಹುದೇ ಹೊದಿಕೆಯೊಂದು ತಲೆಮಾರುಗಳಿಂದ ಬಳಕೆಯಲ್ಲಿದೆ. ಅಲ್ಲಿಯವರು ಅದನ್ನು ‘ಕ್ವಿಲ್ಟ್’ ಎನ್ನುತ್ತಾರೆ. ಚಳಿಗೆಂದು ಹುಟ್ಟಿದ ಈ ಹೊದಿಕೆ ಒಂದು ಕಾಲದಲ್ಲಿ ಚರ್ಚಿನ ಮಾಡನ್ನು ದುರಸ್ತಿ ಮಾಡಿಸಿತು, ಪಾದ್ರಿಯ ಸಂಬಳವನ್ನು ತುಂಬಿಕೊಟ್ಟಿತು ಎಂದರೆ ಓದುಗರಿಗೆ ಸೋಜಿಗವೆನಿಸೀತು. ಅದಕ್ಕಿಂತ ದೊಡ್ಡ ಸೋಜಿಗವೆಂದರೆ, ಸರ್ಕಾರದ ದಾಖಲೆಗಳಿಂದ ಅಳಿದುಹೋದ ಎಷ್ಟೋ ಹೆಂಗಸರ ಹೆಸರುಗಳು ಈ ಹೊದಿಕೆಗಳಲ್ಲಿ ಇಂದಿಗೂ ಉಳಿದಿರುವುದು.

ಸೂಜಿಯಿಂದ ಬಂದ ಹಣ

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಹಳ್ಳಿಯ ಚರ್ಚುಗಳಿಗೆ ಹಣದ ಅಡಚಣೆ ತಪ್ಪಿದ್ದೇ ಅಪರೂಪ. ಅದನ್ನು ನೀಗುವ ಭಾರ ಬಹುಮಟ್ಟಿಗೆ ಚರ್ಚಿನ ಮಹಿಳಾ ಸಂಘದ ಮೇಲೆ ಬೀಳುತ್ತಿದ್ದಿತು. ಸಂಘದವರು ಕಂಡುಕೊಂಡ ಉಪಾಯ ಸರಳವಾದುದು. ಹತ್ತು ಸೆಂಟು ಕೊಟ್ಟವರ ಹೆಸರನ್ನು ಬಟ್ಟೆಯ ಮೇಲೆ ಕಸೂತಿಯಲ್ಲಿ ಬರೆಯುವುದು. ಅಂತಹ ತುಂಡುಗಳನ್ನೆಲ್ಲ ಕೂಡಿಸಿ ಕ್ವಿಲ್ಟ್ ಹೊಲಿಯುವುದು. ಕೊನೆಗೆ ಅದನ್ನು ಹರಾಜು ಹಾಕುವುದು. ನಾನೂರು ಹೆಸರು ಕೂಡಿದರೆ ನಲವತ್ತು ಡಾಲರ್. ಹರಾಜಿನ ಹಣ ಬೇರೆ. ಬಿಳಿಯ ಬಟ್ಟೆಗೆ ‘ಟರ್ಕಿ ಕೆಂಪು’ ಎಂಬ ಬಣ್ಣದ ನೂಲು ಬಹು ಮೆಚ್ಚಿನದಾಗಿದ್ದಿತು. ಎಷ್ಟು ಒಗೆದರೂ ಆ ಬಣ್ಣ ಬಿಡುತ್ತಿರಲಿಲ್ಲವೆಂಬುದೇ ಕಾರಣ.

ಈ ಪದ್ಧತಿ ಚರ್ಚಿನ ಅಂಗಳವನ್ನೂ ದಾಟಿತು. ಮದ್ಯಪಾನ ವಿರೋಧಿ ಚಳವಳಿಯ ಮಹಿಳೆಯರು ಹತ್ತು ಹತ್ತು ಸೆಂಟಿನಂತೆ ಕೂಡಿಸಿ, ಸುಮಾರು 3,000 ಹೆಸರುಗಳಿದ್ದ ಕ್ವಿಲ್ಟೊಂದನ್ನು 1878ರಲ್ಲಿ ಬಾಲ್ಟಿಮೋರ್ ನಗರದ ಸಮ್ಮೇಳನದಲ್ಲಿ ತಮ್ಮ ನಾಯಕಿ ಎಲೈಜಾ ಸ್ಟೂಅರ್ಟ್ ಅವರಿಗೆ ಅರ್ಪಿಸಿದರು. ಮೊದಲ ಮಹಾಯುದ್ಧದ ಸಮಯದಲ್ಲಿ, 1917ರ ಡಿಸೆಂಬರಿನಲ್ಲಿ, ‘ಮಾಡರ್ನ್ ಪ್ರಿಸಿಲ್ಲ’ ಎಂಬ ಮಹಿಳಾ ಪತ್ರಿಕೆಯು ರೆಡ್ ಕ್ರಾಸ್‌ಗಾಗಿ ಒಂದೇ ಕ್ವಿಲ್ಟಿನಿಂದ ಸಾವಿರ ಡಾಲರ್ ಕೂಡಿಸುವ ಬಗೆಯನ್ನು ಮಾದರಿಸಹಿತ ಪ್ರಕಟಿಸಿತು.

ಊರು ಯಾವುದು?

ಇಂತಹ ಕ್ವಿಲ್ಟುಗಳ ಮೇಲೆ ನೂರಾರು ಹೆಸರುಗಳಿದ್ದರೂ ಎಷ್ಟೋ ವೇಳೆ ಊರಿನ ಹೆಸರು ಇರುವುದಿಲ್ಲ. ಊರಿನವರಿಗೆ ತಮ್ಮ ಊರಿನ ಹೆಸರನ್ನು ಬರೆಯುವ ಅಗತ್ಯವಾದರೂ ಏನಿತ್ತು? ಹರಾಜಿನಲ್ಲಿ ಕೊಂಡವರು ಅನೇಕ ಸಲ ಕ್ವಿಲ್ಟನ್ನು ಪಾದ್ರಿಗೇ ಕಾಣಿಕೆಯಾಗಿ ಕೊಡುತ್ತಿದ್ದರು. ಮೆಥಡಿಸ್ಟ್ ಪಾದ್ರಿಗಳಿಗೆ ಕೆಲವೇ ವರ್ಷಗಳಿಗೊಮ್ಮೆ ವರ್ಗ. ಅವರೊಂದಿಗೆ ಕ್ವಿಲ್ಟೂ ಊರೂರು ತಿರುಗಿ, ಕೊನೆಗೆ ಹುಟ್ಟಿದ ಹಳ್ಳಿಯಿಂದ ಬಹು ದೂರದಲ್ಲಿ ಯಾರದೋ ಪೆಟ್ಟಿಗೆ ಸೇರುತ್ತಿದ್ದಿತು.

ಅದರ ಮೂಲವನ್ನು ಹುಡುಕುವವರು ಸಾಮಾನ್ಯವಾದ ಹೆಸರುಗಳನ್ನು ಮೊದಲು ಬದಿಗಿಡುತ್ತಾರೆ. ಸ್ಮಿತ್ ಎಂಬ ಹೆಸರಿನವರು ಎಲ್ಲಿಲ್ಲ? ಅಪರೂಪದ ನಾಲ್ಕೈದು ಮನೆತನಗಳ ಹೆಸರನ್ನು ಆರಿಸಿಕೊಂಡು, ಆ ಎಲ್ಲ ಮನೆತನಗಳೂ ಅಕ್ಕಪಕ್ಕದಲ್ಲಿ ವಾಸವಾಗಿದ್ದ ಪ್ರದೇಶವನ್ನು ಜನಗಣತಿಯ ಹಾಳೆಗಳಲ್ಲಿಯೂ ಜಮೀನುದಾರರ ಹೆಸರುಗಳಿರುವ ಹಳೆಯ ನಕಾಶೆಗಳಲ್ಲಿಯೂ ಅರಸುತ್ತಾರೆ. ಪಾದ್ರಿಯ ಹೆಸರು ಹೆಚ್ಚಾಗಿ ಕ್ವಿಲ್ಟಿನ ನಡುವೆ ಇರುತ್ತದೆ. ಯಾವ ಪಾದ್ರಿ ಯಾವ ವರ್ಷ ಯಾವ ಊರಿನಲ್ಲಿದ್ದನೆಂಬುದನ್ನು ಚರ್ಚಿನ ವಾರ್ಷಿಕ ವರದಿಗಳು ಹೇಳುತ್ತವೆ. ಹುಡುಗಿಯೊಬ್ಬಳು ತವರಿನ ಹೆಸರಿನಲ್ಲಿ ಕಾಣಿಸಿಕೊಂಡಿದ್ದು, ಆಕೆಯ ಮದುವೆ 1895ರಲ್ಲಿ ಆಯಿತೆಂದು ತಿಳಿದರೆ, ಆ ಹೆಸರು ಬಟ್ಟೆಗೇರಿದ್ದು ಅದಕ್ಕೆ ಮೊದಲೇ ಎಂದು ಊಹಿಸಬಹುದು. ಸಮಾಧಿಯ ಕಲ್ಲುಗಳೂ ಹೀಗೆಯೇ ಸಾಕ್ಷಿ ನುಡಿಯುತ್ತವೆ.

ಆದರೆ ಎಚ್ಚರಿಕೆ ಬೇಕು. ಹೆಸರಿದ್ದವರೆಲ್ಲ ಹೊಲಿದವರಲ್ಲ, ಎಲ್ಲರೂ ಆ ಚರ್ಚಿನವರೂ ಅಲ್ಲ. ಪೇಟೆಯ ಅಂಗಡಿಕಾರ, ದೂರದೂರಿನ ನೆಂಟ, ತೀರಿಕೊಂಡ ಮಗು, ಇವರ ಹೆಸರಿಗೂ ಯಾರೋ ಹಣ ಕೊಟ್ಟಿರಬಹುದು. ಎಲ್ಲ ಹೆಸರುಗಳನ್ನೂ ಕೈಚಳಕವುಳ್ಳ ಒಬ್ಬಳೇ ಕಸೂತಿ ಹಾಕಿರುವುದೂ ಉಂಟು. ಅಂತಹವಳ ಸ್ವಂತ ಹೆಸರು ಎಲ್ಲಿದೆಯೆಂದು ಕಂಡುಹಿಡಿಯುವುದೇ ಕಷ್ಟದ ಕೆಲಸ.

ಬೆಂಕಿಗೆ ಸಿಕ್ಕದ ದಾಖಲೆ

ಒಂದು ಹಳೆಯ ಹೊದಿಕೆಗಾಗಿ ಇಷ್ಟು ಶ್ರಮವೇಕೆಂದು ಕೇಳಬಹುದು. 1921ರ ಜನವರಿಯಲ್ಲಿ ವಾಷಿಂಗ್‌ಟನ್ನಿನ ವಾಣಿಜ್ಯ ಇಲಾಖೆಯ ಕಟ್ಟಡಕ್ಕೆ ಬೆಂಕಿ ಬಿದ್ದಿತು. 1890ರ ಜನಗಣತಿಯ ಹಾಳೆಗಳು ಬೆಂಕಿಗೂ ನೀರಿಗೂ ಸಿಕ್ಕಿ ಹಾಳಾದವು; ಅಳಿದುಳಿದವನ್ನು ಮುಂದೆ ಸರ್ಕಾರವೇ ನಾಶಪಡಿಸಿತು. ಆರು ಕೋಟಿಗೂ ಮಿಕ್ಕ ಜನರಲ್ಲಿ ಆರು ಸಾವಿರ ಚಿಲ್ಲರೆ ಹೆಸರುಗಳು ಮಾತ್ರ ಈಗ ದೊರೆಯುತ್ತವೆ. ಅಮೆರಿಕದ ಸಂವಿಧಾನದ ಮೂಲಕ ಹೆಂಗಸರಿಗೆ ಮತದ ಹಕ್ಕು ಬಂದದ್ದು 1920ರಲ್ಲಿ. ಅದಕ್ಕೆ ಮುಂಚೆ ಬಹುತೇಕ ರಾಜ್ಯಗಳ ಮತದಾರರ ಪಟ್ಟಿಗಳಲ್ಲಿ ಅವರಿಗೆ ಸ್ಥಾನವಿರಲಿಲ್ಲ. ಪತ್ರಿಕೆಗಳಲ್ಲಿಯೂ ಮದುವೆಯಾದವಳು ಗಂಡನ ಹೆಸರಿನ ಹಿಂದೆ ‘ಮಿಸೆಸ್’ ಆಗಿ ಮರೆಯಾಗುತ್ತಿದ್ದಳು. ಕ್ವಿಲ್ಟಿನಲ್ಲಿಯೂ ಅಂತಹ ಹೆಸರುಗಳು ಉಂಟು. ಆದರೆ ತನ್ನದೇ ಹೆಸರಿಗಾಗಿ ಹತ್ತು ಸೆಂಟು ಕೊಟ್ಟ ಹೆಂಗಸರೂ ಅಲ್ಲಿ ಸಾಲುಸಾಲಾಗಿದ್ದಾರೆ. ಹತ್ತು ವರ್ಷಗಳ ಒಂದು ಜನಗಣತಿಯೇ ಇಲ್ಲವಾಗಿರುವಾಗ, ಆ ನಡುವೆ ಹಳ್ಳಿಯೊಂದರಲ್ಲಿ ಯಾರು ಬಾಳಿದ್ದರೆಂಬುದಕ್ಕೆ ಇಂತಹ ಹೊದಿಕೆಯೇ ಆಧಾರವಾದೀತು.

1981ರಲ್ಲಿ ಕೆಂಟಕಿ ರಾಜ್ಯದಲ್ಲಿ, ಜನರು ಮನೆಯಲ್ಲಿದ್ದ ಹಳೆಯ ಕ್ವಿಲ್ಟುಗಳನ್ನು ತಂದು ತೋರಿಸಿ ದಾಖಲೆ ಮಾಡಿಸುವ ಯೋಜನೆ ಆರಂಭವಾಯಿತು. ಅನಂತರ ಇತರ ರಾಜ್ಯಗಳೂ ಆ ದಾರಿ ಹಿಡಿದವು. ಪೆಟ್ಟಿಗೆಗಳ ತಳದಿಂದ ಹೀಗೆ ಮೇಲೆದ್ದ ಹೆಸರುಗಳು ಈಗ ಮೊಮ್ಮಕ್ಕಳ ಕಣ್ಣಿಗೆ ಬೀಳುತ್ತಿವೆ.

ಹತ್ತು ಸೆಂಟಿನ ಹಣ ಎಂದೋ ಖರ್ಚಾಗಿಹೋಯಿತು. ಅಂತಹ ಚರ್ಚುಗಳಲ್ಲಿ ಎಷ್ಟೋ ಈಗ ಬಾಗಿಲು ಮುಚ್ಚಿವೆ. ಕಾಗದವನ್ನು ನಂಬಿದ ಸರ್ಕಾರ ಕಳೆದುಕೊಂಡದ್ದನ್ನು, ಬಣ್ಣ ಬಿಡದ ಕೆಂಪು ನೂಲನ್ನು ಆರಿಸಿಕೊಂಡ ಗೃಹಿಣಿಯರು ಉಳಿಸಿಕೊಟ್ಟರು.