ಮೆದುಳಿನ ಇಬ್ಬರು ತಾಯಂದಿರು

ಮಗುವಿಗೆ ಜ್ವರ ಏರಿ ಕುತ್ತಿಗೆ ಸೆಟೆದುಕೊಂಡರೆ ವೈದ್ಯರು ಮೊದಲು ಶಂಕಿಸುವುದು ಮೆನಿಂಜೈಟಿಸನ್ನು, ಅಂದರೆ ಮೆದುಳಿನ ಪೊರೆಗಳ ಉರಿಯೂತವನ್ನು. ಈ ಪೊರೆಗಳು ಮೂರು. ಹೊರಗಿನ ಗಟ್ಟಿ ಪೊರೆ 'ಡ್ಯೂರಾ ಮೇಟರ್', ಮೆದುಳಿಗೇ ಅಂಟಿಕೊಂಡ ತೆಳು ಪೊರೆ 'ಪಯಾ ಮೇಟರ್'. (ನಡುವಿನದು ಜೇಡನ ಹೆಸರು ಹೊತ್ತದ್ದು, ಅದರ ಕಥೆ ಬೇರೆ.) ಲ್ಯಾಟಿನ್ನಿನಲ್ಲಿ ಮೇಟರ್ ಎಂದರೆ ತಾಯಿ. ಒಬ್ಬಳು ಕಠಿಣ ತಾಯಿ, ಇನ್ನೊಬ್ಬಳು ಭಕ್ತಿವಂತೆ! ಇವರು ಎಲ್ಲಿಂದ ಬಂದರು?

ನಮ್ಮ ಬೀದಿಯ ಫಲಕಗಳ ಮೇಲಿರುವ ಅರಬ್ಬೀ ಭಾಷೆಯಿಂದಲೇ. ಮಿರ್ಕಾಬ್ ಎಂಬ ಹೆಸರೂ ಕಾವಲು ನೋಡುವ ಧಾತುವಿನದು. 'ರಕಬ', ಅಂದರೆ ಕುತ್ತಿಗೆ, ಅದೇ ಧಾತುವಿನ ಕೂಸು.

ಗ್ರೀಕ್ ವೈದ್ಯ ಗ್ಯಾಲೆನ್ ದಪ್ಪ ಪೊರೆ, ತೆಳು ಪೊರೆ ಎಂದಷ್ಟೇ ಕರೆದಿದ್ದ. ಅರಬ್ಬೀ ವೈದ್ಯರು ಪೊರೆಯನ್ನು 'ಉಮ್ಮ್', ತಾಯಿ, ಎಂದರು. ನಮ್ಮ ಅಮ್ಮನಿಗೂ ಈ ಉಮ್ಮ್‌ಗೂ ನಂಟಿಲ್ಲ, ಧ್ವನಿ ಮಾತ್ರ ಹತ್ತಿರ. ಆದರೆ ತಾಯಿಬೇರು ಎನ್ನುವ ನಮಗೆ ಈ ಬಳಕೆ ಹೊಸದೇನಲ್ಲ. ಕನ್ನಡದಲ್ಲಂತೂ ಪೊರೆ ಎಂದರೆ ತೆಳು ಹೊದಿಕೆ, ಪೊರೆ ಎಂದರೆ ಸಲಹು! ವೈದ್ಯಕ್ಕೆ ಕನ್ನಡ ಸಾಲದು ಎನ್ನುವವರು ಇದನ್ನು ಗಮನಿಸಬೇಕು. ಡಾ. ಡಿ. ಎಸ್. ಶಿವಪ್ಪನವರು 'ವೈದ್ಯಕ ಪದಗಳ ಹುಟ್ಟು ರಚನೆ' ಎಂಬ ಗ್ರಂಥವನ್ನೇ ಕನ್ನಡದಲ್ಲಿ ಬರೆದಿದ್ದಾರೆ.

ಹತ್ತನೆಯ ಶತಮಾನದ ಪರ್ಷಿಯಾದ ವೈದ್ಯ ಅಲಿ ಇಬ್ನ್ ಅಲ್ ಅಬ್ಬಾಸ್ ಅಲ್ ಮಜೂಸಿಯ ಅರಬ್ಬೀ ವೈದ್ಯಗ್ರಂಥವನ್ನು 1127ರಲ್ಲಿ ಆಂಟಿಯೋಕ್ ನಗರದಲ್ಲಿ ಸ್ಟೀಫನ್ ಎಂಬ ಪಂಡಿತ ಲ್ಯಾಟಿನ್ನಿಗೆ ತಂದ. ಗಟ್ಟಿ ತಾಯಿ 'ಡ್ಯೂರಾ' ಆದದ್ದು ಸರಿಯೇ. ತೆಳು ಪೊರೆಯ ಹೆಸರಿನಲ್ಲಿದ್ದದ್ದು 'ರಕೀಕ್' ಎಂಬ ಮಾತು. ರಂಜಾನಿನಲ್ಲಿ ಕುವೈತಿನವರು ಮಾಂಸದ ಸಾರಿನಲ್ಲಿ ನೆನೆಸಿ ತಿನ್ನುವ, ಹಪ್ಪಳದಂಥ 'ರ್ಗಾಗ್' ರೊಟ್ಟಿಯನ್ನು ಬಲ್ಲವರಿಗೆ ಅರ್ಥ ಹೇಳಬೇಕಾಗಿಲ್ಲ. ಅದೂ ಇದೇ ಧಾತುವಿನದು, ತೆಳುವಾದದ್ದು ಎಂದರ್ಥ. ಆದರೆ ರಕೀಕ್ ಎಂದರೆ ಮೃದು ಮನಸ್ಸಿನ ಎಂದೂ ಆಗುತ್ತದೆ. ಲ್ಯಾಟಿನ್ನಿನಲ್ಲಿ ತೆಳುವು ಹೋಗಿ ಮನಸ್ಸು ಉಳಿಯಿತು. ತಾಯಿ 'ಪಯಾ', ಎಂದರೆ ವಾತ್ಸಲ್ಯದವಳು, ಭಕ್ತಿಯವಳು ಆದಳು. ಅಡುಗೆಮನೆಯವರನ್ನು ಕೇಳಿದ್ದರೆ ಈ ಪಾಡು ಬರುತ್ತಿರಲಿಲ್ಲವೋ ಏನೋ!

ತಮಾಷೆ ಅಲ್ಲಿಗೇ ನಿಲ್ಲಲಿಲ್ಲ. ಇಂದಿನ ಅರಬ್ಬೀ ವೈದ್ಯಪುಸ್ತಕಗಳಲ್ಲಿ ಆ ಪೊರೆಯ ಹೆಸರು 'ಅಲ್ ಉಮ್ಮ್ ಅಲ್ ಹನೂನ್', ಮಮತೆಯ ತಾಯಿ. ತೆಳುವಾಗಿ ಹೊರಟವಳು ಲ್ಯಾಟಿನ್ನಿನಲ್ಲಿ ಸುತ್ತಿ, ಹೊಸ ಗುಣ ಹೊತ್ತು, ತವರಿಗೇ ಮರಳಿದ್ದಾಳೆ.