ಪಾಕಶಾಲೆಯ ಪಾತ್ರೆಗಳೂ ಸ್ವಭಾವೋಕ್ತಿಯೂ

ವರ್ಣ್ಯವಸ್ತುವು ಅಲ್ಪವಾದರೆ ಕೃತಿಯೂ ಅಲ್ಪವಾಗುವುದೇ ಎಂಬ ಪ್ರಶ್ನೆಯು ಕಾವ್ಯಕ್ಕೆ ಮಾತ್ರವಲ್ಲದೆ ಚಿತ್ರಕ್ಕೂ ಸಂಬಂಧಿಸಿದುದಾಗಿದೆ. 17ನೆಯ ಶತಮಾನದಲ್ಲಿ ಫ್ರಾನ್ಸ್ ದೇಶದ ಫೆಲಿಬಿಯೆನ್ ಎಂಬ ವಿದ್ವಾಂಸನು ಚಿತ್ರಗಳಿಗೆ ತಾರತಮ್ಯವನ್ನು ಕಲ್ಪಿಸಿ, ಇತಿಹಾಸಪುರಾಣಗಳ ಚಿತ್ರಣವನ್ನು ಮೇಲಿಟ್ಟು, ಹಣ್ಣು, ಹೂ, ಚಿಪ್ಪು ಮೊದಲಾದ ಅಚೇತನವಸ್ತುಗಳ ಚಿತ್ರಣವನ್ನು ಎಲ್ಲಕ್ಕಿಂತ ಕೆಳಗಿಟ್ಟನು. ಅಲ್ಲಿಯ ರಾಜಾಶ್ರಿತ ಚಿತ್ರಕಲಾಪರಿಷತ್ತಿನಲ್ಲಿ ಈ ತಾರತಮ್ಯವು ಬಹುಕಾಲ ನಡೆಯಿತು. 1728ರಲ್ಲಿ ಶಾರ್ದಾಂ (1699–1779) ಎಂಬ ಚಿತ್ರಕಾರನನ್ನು ಆ ಪರಿಷತ್ತು ಸೇರಿಸಿಕೊಂಡಿತಾದರೂ, ಪ್ರಾಣಿಗಳನ್ನೂ ಹಣ್ಣುಗಳನ್ನೂ ಬರೆಯಬಲ್ಲವನೆಂಬ ಕೆಳಗಿನ ದರ್ಜೆಯಲ್ಲಿಯೇ ಅಂಗೀಕರಿಸಿತು.

ಆತನು ಸುಮಾರು 1734ರಲ್ಲಿ ಬರೆದ ತಾಮ್ರದ ಹಂಡೆಯ ಚಿತ್ರವು ಪ್ಯಾರಿಸ್ಸಿನ ಲೂವ್ರ್ ಸಂಗ್ರಹದಲ್ಲಿದೆ. ಹಲಗೆಯ ಮೇಲೆ ತೈಲವರ್ಣದಿಂದ ಬರೆದ ಈ ಚಿತ್ರದ ಅಗಲವು ಸುಮಾರು ಒಂದು ಗೇಣು. ಎತ್ತರವು ಅದಕ್ಕಿಂತ ಸ್ವಲ್ಪ ಹೆಚ್ಚು. ಮರದ ಕಾಲುಗಳ ಮೇಲೆ ನಿಂತ, ನಲ್ಲಿಯುಳ್ಳ ನೀರಿನ ಹಂಡೆ. ಅದರ ಬಳಿ ಬಾಲ್ದಿ, ಹೂಜಿ, ಸೌಟು. ಮನುಷ್ಯರಿಲ್ಲ, ಕಥೆಯಿಲ್ಲ. ತಾಮ್ರಕ್ಕೆ ಒಂದೇ ಬಣ್ಣವೆಂಬುದು ಲೋಕರೂಢಿ. ಕಣ್ಣಿಗೆ ತೋರುವುದು ಹಾಗಲ್ಲ. ಬೆಳಕು ತಾಗಿದೆಡೆ ಹೊಳಪು, ಮೈ ತಿರುಗಿದೆಡೆ ಕೆಂಪು, ನೆರಳಿನಲ್ಲಿ ಕಂದು. ಇವುಗಳನ್ನು ಯಥಾಸ್ಥಾನದಲ್ಲಿ ಹೊಂದಿಸುವುದರಿಂದಲೇ ಲೋಹದ ಉರುಟೂ ಭಾರವೂ ಪ್ರತೀತವಾಗುತ್ತವೆ. ಪದರದ ಮೇಲೆ ಪದರವಾಗಿ ಹಚ್ಚಿದ ವರ್ಣಗಳು ಒಳಗಿನಿಂದ ಹೊಮ್ಮುವಂತೆ ತೋರುವ ಈತನ ಕೌಶಲವನ್ನು ದಿದರೋ 1763ರಲ್ಲಿ ಬಹಳವಾಗಿ ಶ್ಲಾಘಿಸಿದನು.

ಇಂತಹ ಕೃತಿಯ ಸ್ವರೂಪವನ್ನು ತಿಳಿಯಲು ನಮ್ಮ ಆಲಂಕಾರಿಕರ ಸ್ವಭಾವೋಕ್ತಿವಿಚಾರವು ಸಹಾಯಕವಾಗುವುದು. ದಂಡಿಯು ಸ್ವಭಾವೋಕ್ತಿಯನ್ನು ಅರ್ಥಾಲಂಕಾರಗಳಲ್ಲಿ ಮೊದಲನೆಯದಾಗಿ ಎಣಿಸಿ, ಪದಾರ್ಥಗಳ ರೂಪವನ್ನು ಪ್ರತ್ಯಕ್ಷದಂತೆ ತೋರಿಸುವುದೇ ಅದರ ಲಕ್ಷಣವೆಂದನು. ಕುಂತಕನು ಇದನ್ನು ಒಪ್ಪಲಿಲ್ಲ. ಸ್ವಭಾವವು ಕಾವ್ಯದ ಶರೀರ. ಶರೀರವೇ ಅಲಂಕಾರವಾದರೆ ಅಲಂಕರಿಸತಕ್ಕುದು ಬೇರೆ ಏನುಳಿಯಿತು ಎಂಬುದು ಆತನ ಆಕ್ಷೇಪ. ಆದರೂ ವಸ್ತುವಿನ ಸಹಜಸೌಂದರ್ಯವನ್ನು ಬೆಳಗಿಸುವ ಕವಿಕೌಶಲವನ್ನು ಆತನೇ ವಸ್ತುವಕ್ರತೆಯೆಂದು ಅಂಗೀಕರಿಸಿದನು.

ಹಂಡೆಯ ಚಿತ್ರದಲ್ಲಿ ಈ ಎರಡು ಮತಗಳಿಗೂ ಅವಕಾಶವಿದೆ. ಹಂಡೆಗೆ ಹೊರಗಿನಿಂದ ಯಾವ ಶೋಭೆಯನ್ನೂ ತಂದಿಟ್ಟಿಲ್ಲ. ಇದು ಕುಂತಕನು ಹೇಳಿದ ಶರೀರ. ಅದು ಕಣ್ಣೆದುರಿಗೆ ನಿಂತಂತೆ ತೋರುತ್ತದೆ. ಇದು ದಂಡಿಯು ಹೇಳಿದ ಫಲ. ಇವೆರಡರ ನಡುವೆ ಆಯ್ಕೆ, ಜೋಡಣೆ, ಬೆಳಕಿನ ನಿಯಮನ ಎಂಬ ಚಿತ್ರಕಾರನ ವ್ಯಾಪಾರವಿದೆ. ಫೆಲಿಬಿಯೆನನ ತಾರತಮ್ಯವು ವಸ್ತುವನ್ನು ಅಳೆಯಿತೇ ಹೊರತು ಈ ವ್ಯಾಪಾರವನ್ನು ಅಳೆಯಲಿಲ್ಲ. ಆದುದರಿಂದ ಸ್ವಭಾವೋಕ್ತಿಯ ಪದ್ಯಗಳನ್ನು ಬರಿಯ ಅನುಕರಣವೆಂದು ಬದಿಗಿಡುವ ಪಾಠಕ್ರಮವೂ ಅದೇ ದೋಷಕ್ಕೆ ಗುರಿಯಾಗುವುದು. ಅಲ್ಲಿ ಪರೀಕ್ಷಿಸತಕ್ಕುದು ವಸ್ತುವಿನ ಹಿರಿಮೆಯನ್ನಲ್ಲ; ಅದನ್ನು ಕಂಡ ಕಣ್ಣಿನ ನಿಷ್ಠೆಯನ್ನು.