ಫೋರ್ಟ್ ಕೊಚ್ಚಿ: ಮಂಗಳೂರಿಗೆ ಹತ್ತಿರವಾದ ಒಂದು ಹಳೇ ಬಂದರು

ನಮ್ಮ ಚರ್ಚುಗಳಿಂದ ಕೇರಳಕ್ಕೆ ಯಾತ್ರೆ ಹೋಗುವವರು ವಲ್ಲಾರ್ಪಾಡಂ ಮಾತೆಯ ಬೆಸಿಲಿಕಾವನ್ನು ಸಂದರ್ಶಿಸಿ ಹಿಂದಿರುಗುವುದು ಸಾಮಾನ್ಯ. ಅಲ್ಲಿಂದ ಹತ್ತಿರದಲ್ಲೇ ಇರುವ ಫೋರ್ಟ್ ಕೊಚ್ಚಿಗೂ ಅರ್ಧ ದಿನ ಮೀಸಲಿಡುವುದು ಒಳ್ಳೆಯದು. ಎರ್ನಾಕುಲಂನಿಂದ ದೋಣಿಯಲ್ಲಿ ಹೋದರೆ ಹಿನ್ನೀರು, ಹಡಗುಗಳು ಮತ್ತು ದಡದ ಚೀನೀ ಬಲೆಗಳನ್ನು ನೋಡುತ್ತಲೇ ಹಳೇ ಪೇಟೆಯನ್ನು ತಲುಪಬಹುದು.

ಇಲ್ಲಿ ಮೊದಲು ಸಿಗುವುದು ಸಂತ ಫ್ರಾನ್ಸಿಸ್ ಚರ್ಚ್. ಭಾರತದಲ್ಲಿ ಯುರೋಪಿಯನ್ನರು ಕಟ್ಟಿದ ಅತ್ಯಂತ ಹಳೆಯ ಚರ್ಚುಗಳಲ್ಲಿ ಇದೂ ಒಂದು. 1524ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡ ವಾಸ್ಕೋ ಡ ಗಾಮನನ್ನು ಇಲ್ಲಿ ಸಮಾಧಿ ಮಾಡಲಾಗಿತ್ತು. ಮುಂದೆ ಅವಶೇಷಗಳನ್ನು ಪೋರ್ಚುಗಲಿಗೆ ಒಯ್ಯಲಾಯಿತು. ಸಮಾಧಿಯ ಕಲ್ಲು ಮಾತ್ರ ಉಳಿದಿದೆ. 1663ರಲ್ಲಿ ಕೊಚ್ಚಿ ಡಚ್ಚರ ವಶವಾದಾಗ ಈ ಚರ್ಚ್ ಪ್ರೊಟೆಸ್ಟೆಂಟರಿಗೆ ಸೇರಿತು. ಈಗ ಇದು ಸಿ.ಎಸ್.ಐ. ಸಭೆಯ ಆರಾಧನಾಲಯ.

ಸ್ವಲ್ಪ ದೂರ ನಡೆದರೆ ಸಾಂತಾ ಕ್ರೂಜ್ ಬೆಸಿಲಿಕಾ, ಅಂದರೆ ಪವಿತ್ರ ಶಿಲುಬೆಯ ಪ್ರಧಾನಾಲಯ. ಇದು ಕೊಚ್ಚಿ ಧರ್ಮಪ್ರಾಂತ್ಯದ ಕೆಥೆಡ್ರಲ್. ಡಚ್ಚರು ಇಲ್ಲಿನ ಹೆಚ್ಚಿನ ಕಥೋಲಿಕ ಕಟ್ಟಡಗಳನ್ನು ಕೆಡವಿದರೂ ಹಳೆಯ ಕೆಥೆಡ್ರಲನ್ನು ಉಳಿಸಿಕೊಂಡರು, ಆದರೆ ಪ್ರಾರ್ಥನೆಗಾಗಿ ಅಲ್ಲ, ಉಗ್ರಾಣವಾಗಿ. 1795ರಲ್ಲಿ ಕೊಚ್ಚಿಯನ್ನು ಗೆದ್ದ ಬ್ರಿಟಿಷರು ಅದನ್ನೂ ನೆಲಸಮ ಮಾಡಿದರು. ಅದರ ಒಂದು ಕಲ್ಲಿನ ಕಂಬ ಇಂದಿಗೂ ಆವರಣದಲ್ಲಿದೆ. ಸುಮಾರು ನೂರು ವರ್ಷಗಳ ನಂತರ ಧರ್ಮಾಧ್ಯಕ್ಷ ಜೊವಾಂವ್ ಗೋಮ್ಸ್ ಫೆರೇರಾ ಹೊಸ ದೇವಾಲಯದ ಕೆಲಸಕ್ಕೆ ಮುಂದಾದರು. ದೇವಾಲಯ ಇಲ್ಲದಿದ್ದರೂ ವಿಶ್ವಾಸ ಉಳಿದಿತ್ತು ಎಂಬುದಕ್ಕೆ ಈ ಕಟ್ಟಡವೇ ಸಾಕ್ಷಿ.

ಮಂಗಳೂರಿನವರಿಗೆ ಇದರ ಒಳಭಾಗ ಪರಿಚಿತವೆನಿಸಬಹುದು. ಅದಕ್ಕೆ ಕಾರಣವಿದೆ. ನಮ್ಮ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲಿನ ಗೋಡೆ, ಛಾವಣಿಗಳನ್ನು ಚಿತ್ರಗಳಿಂದ ತುಂಬಿಸಿದ ಇಟಲಿಯ ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೇನಿಯವರೇ ಇಲ್ಲಿಯೂ ಚಿತ್ರ ಬರೆದವರು. ಪ್ರಭುವಿನ ಯಾತನೆಯ ಚಿತ್ರಗಳು ಮತ್ತು ಲಿಯೊನಾರ್ದೊನ ಕೃತಿಯ ಮಾದರಿಯ ಕೊನೆಯ ಭೋಜನದ ಚಿತ್ರವನ್ನು ತಪ್ಪದೆ ನೋಡಬೇಕು. ಹೊಸ ದೇವಾಲಯದ ಪ್ರತಿಷ್ಠಾಪನೆ ನಡೆದದ್ದು 1905ರ ನವೆಂಬರ್ 19ರಂದು. ಅದನ್ನು ನೋಡುವ ಭಾಗ್ಯ ಸಹೋದರರಿಗೆ ಇರಲಿಲ್ಲ. ನಾಲ್ಕು ದಿನ ಮುಂಚೆ, ನವೆಂಬರ್ 15ರಂದು, ಅವರು ದೈವಾಧೀನರಾದರು. 1984ರಲ್ಲಿ ಪೋಪ್ ದ್ವಿತೀಯ ಜಾನ್ ಪಾವ್ಲರು ಈ ದೇವಾಲಯಕ್ಕೆ ಬೆಸಿಲಿಕಾ ಪದವಿ ನೀಡಿದರು.

ಸಮಯವಿದ್ದರೆ ಬಿಷಪ್ಸ್ ಹೌಸ್ ಆವರಣದ ಇಂಡೋ-ಪೋರ್ಚುಗೀಸ್ ಮ್ಯೂಸಿಯಂ ಹಾಗೂ ಮಟ್ಟಾಂಚೇರಿಯ 1568ರ ಯೆಹೂದಿ ಸಿನಗಾಗ್ ನೋಡಬಹುದು. ಶನಿವಾರ ಯೆಹೂದಿಗಳ ಸಬ್ಬತ್ ದಿನವಾದ್ದರಿಂದ ಸಿನಗಾಗ್ ತೆರೆದಿರುವುದಿಲ್ಲ.

ಯಾತ್ರೆ ಏರ್ಪಡಿಸುವ ಗುರಿಕಾರರಿಗೆ ಮತ್ತು ಸಂಘಟನೆಗಳ ಪದಾಧಿಕಾರಿಗಳಿಗೆ ಒಂದು ವಿನಂತಿ. ಬೆಸಿಲಿಕಾದಲ್ಲಿ ಬಲಿಪೂಜೆಯ ಸಮಯವನ್ನು ಮೊದಲೇ ವಿಚಾರಿಸಿ. ಒಳಗೆ ಹೋದಾಗ ಫೋಟೊಗಿಂತ ಮೊದಲು ಒಂದು ಪ್ರಾರ್ಥನೆ ಇರಲಿ, ಅದರಲ್ಲಿ ಸಹೋದರ ಮೊಸ್ಕೇನಿಯವರ ನೆನಪೂ ಇರಲಿ. ಊರಿಗೆ ಮರಳಿದ ಮೇಲೆ ಮಕ್ಕಳನ್ನು ಅಲೋಶಿಯಸ್ ಚಾಪೆಲಿಗೆ ಕರೆದೊಯ್ದು ಅದೇ ಕೈಯ ಕೆಲಸವನ್ನು ತೋರಿಸಿರಿ.